ಬಾಡಿಲ್ಲದ ಎಡೆ

೧೯೯೯ರ ಅಕ್ಟೋಬರ್ ೧೦, ಭಾನುವಾರ. ಮಹಾಲಯ ಅಮಾವಾಸ್ಯೆಯ ಮರುದಿನ ಬೆಳಗ್ಗೆ ಹೊಳೆನರಸೀಪುರದ ಠಾಣೆಗೆ ದೂರು ಕೊಡಲು ಬಂದ ವಿಜಯಮ್ಮ, ತಮ್ಮ ದೂರು ಸುಳ್ಳಾಗಲಿ ಎಂದು ಮೊದಲೇ ಕೈಮುಗಿದರು. ಸಬ್ ಇನ್ಸ್‌ಪೆಕ್ಟರ್ ಈಶ್ವರಯ್ಯ ಇಂಥ ದೂರುದಾರರನ್ನು ಕಂಡಿರಲಿಲ್ಲ.

"ನನ್ ಮಗಳು ಯಮುನಾ ಯಾರ್ ಜೊತೆಗೋ ಓಡೋದ್ಲು ಅಂತ ಅಳಿಯ ನಂಜುಂಡೇಶ ಕಂಪ್ಲೇಂಟ್ ಕೊಟ್ಟು ಮೂರು ವರ್ಸ ಆಯ್ತು ಸಾ. ಎಲ್ಲೋ ಬದುಕವ್ಳೆ ಅಂತ ನಂಬ್ಕಂಡಿದ್ದೆ."

"ಈಗೇನಾಯ್ತು?"

"ಸುದ್ದಿ ಏನಾರಾ ಬಂತಾ ಕೇಳಾನ ಅಂತ ನಿನ್ನೆ ಅವ್ರ ಮನೇಗೋದೆ. ಒಳಗೆ ಸತ್ತೋರಿಗೆ ಎಡೆ ಇಕ್ಕಿದ್ರು. ಎಲ್ಲಾ ಎಲೆಗೂ ಬಾಡಿನ ಸಾರು, ಒಂದಕ್ಕೆ ಮಾತ್ರ ಇಲ್ಲ. ಅದರ ಪಕ್ಕ ಅಸಿರು ಸೀರೆ, ಬಳೆ. ನನ್ ಮಗಳು ಉಟ್ದಾಗಿಂದ ಬಾಡು ಮುಟ್ಟಿದೋಳಲ್ಲ ಸಾ."

ಈಶ್ವರಯ್ಯನ ಪೆನ್ನು ನಿಂತಿತು. ಅವರ ಮನೆಯಲ್ಲೂ ನಿನ್ನೆ ಎಡೆ ಇಟ್ಟಿದ್ದರು. ಸತ್ತವರು ಬದುಕಿದ್ದಾಗ ಏನು ಉಣ್ಣುತ್ತಿದ್ದರೋ ಅದನ್ನೇ ಬಡಿಸುವುದು ಪದ್ಧತಿ; ಮಾಂಸ ತಿನ್ನುತ್ತಿದ್ದವರಿಗೆ ಬಾಡು, ತಿನ್ನದವರಿಗೆ ಇಲ್ಲ.

ಹನ್ನೊಂದೂವರೆಗೆ ಜೀಪು ನಂಜುಂಡೇಶನ ಮನೆ ಮುಂದೆ ನಿಂತಿತು.

"ಬಾಡಿಲ್ಲದ ಎಡೆ ಯಾರದ್ದು?"

"ನಮ್ಮಜ್ಜೀದು ಸಾ."

"ಅಜ್ಜಿ ಗಂಡ ಸತ್ತಮೇಲೆ ಸತ್ತೋರು ಅಂತ ನಿಮ್ಮತ್ತೆ ಹೇಳಿದ್ರು. ಅವರಿಗೆ ಹಸಿರು ಬಳೆ ಯಾಕೆ?"

ನಂಜುಂಡೇಶ ಅಮ್ಮನ ಮುಖ ನೋಡಿದ. ಈಶ್ವರಯ್ಯ ಅವನ ತಾಯಿ ಸಣ್ಣತಾಯಮ್ಮನ ಕಡೆ ತಿರುಗಿದರು.

"ಸೊಸೆ ಬದುಕಿದ್ದಾಳೆ ಅಂತೀರಿ. ಬದುಕಿರೋರಿಗೂ ಇಡಬಹುದಾದ್ರೆ ಇನ್ನೊಂದು ಎಲೆ ಹಾಕಿ ತಾಯಿ, ನಿಮ್ಮ ಮಗನ ಹೆಸರಲ್ಲಿ."

"ಬಿಡ್ತು ಅನ್ನಿ ಸಾ. ಬದುಕಿರೋ ಮಗಂಗೆ ಎಡೆ ಇಕ್ಕದುಂಟಾ?" ಅಂದವರೇ ಸೆರಗನ್ನು ಬಾಯಿಗೆ ತುರುಕಿಕೊಂಡರು. ಅಷ್ಟರಲ್ಲಿ ಮಾತು ಆಡಿ ಆಗಿತ್ತು. ಅವರ ಕಣ್ಣು ಹಿತ್ತಿಲ ತಿಪ್ಪೆಯ ಕಡೆ ಹೋಯಿತು.

ಸೋಮವಾರ ತಹಸೀಲ್ದಾರರ ಸಮಕ್ಷಮ ತಿಪ್ಪೆ ಅಗೆಸಿ ಪಂಚನಾಮೆ ಬರೆದರು. ಸಿಕ್ಕಿದ್ದು ಮೂಳೆ ಮತ್ತು ಒಂದು ಜೊತೆ ಬೆಳ್ಳಿ ಕಾಲುಂಗುರ. ಕೊಲೆ ಮತ್ತು ಸಾಕ್ಷ್ಯನಾಶದ ಎಫ್‌ಐಆರ್ ದಾಖಲಾಗಿ ಸಂಜೆಗೆ ತಾಯಿ ಮಗ ಇಬ್ಬರ ಬಂಧನವೂ ಆಯಿತು.

ಕಾರಣ ಠಾಣೆಯಲ್ಲಿ ಹೊರಬಿತ್ತು. ಯಮುನಾ ಹಾಸನಕ್ಕೆ ಹೊಲಿಗೆ ಕಲಿಯಲು ಹೋಗುತ್ತಿದ್ದಳು. ಒಂದು ದಿನ ಬಸ್ಸು ತಪ್ಪಿ ಕತ್ತಲಾದ ಮೇಲೆ ಬಂದಳು, ಅಷ್ಟೇ. ಊರವರು ಏನಂದಾರು ಎಂದು ಗಂಡ ನೊಗದ ಗೂಟ ಎತ್ತಿದ. ಊರ ಬಾಯಿಗೆ ಹೆದರಿ ಕೊಂದವನು, ಓಡಿಹೋದಳು ಎಂದು ಅದೇ ಊರ ಬಾಯಿಗೆ ಅವಳನ್ನು ತಾನೇ ಹಾಕಿದ.

"ಮಗನ್ನ ಉಳಿಸ್ಕಳಾನ ಅಂತ ಸುಮ್ಕಿದ್ದೆ ಸಾ," ಅಂದರು ಸಣ್ಣತಾಯಮ್ಮ. "ಸತ್ತೋಳ್ನ ಉಪಾಸ ಕೆಡವಕ್ಕೆ ಮನಸ್ಸು ಬರ್ಲಿಲ್ಲ."

ಹೊರಗೆ ಬೆಂಚಿನ ಮೇಲೆ ವಿಜಯಮ್ಮ ಕೂತಿದ್ದರು. ಈಶ್ವರಯ್ಯ ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು.

"ಮೂರು ವರ್ಸ ಅವಳಿಗೆ ಆ ಮನೆಯೋರೇ ಉಣ್ಣಕ್ಕಿಕ್ಕವ್ರೆ. ಬದುಕವ್ಳೆ ಅಂತ ನಾನೇ ಇಕ್ಲಿಲ್ಲ." ಎದ್ದು ನಿಂತು ಕೇಳಿದರು: "ಅಮಾಸೆ ಕಳೆದೋಯ್ತು. ಇವತ್ತಿಕ್ಕಿದ್ರೆ ಬತ್ತಾಳಾ ಸಾ?"

ಈಶ್ವರಯ್ಯ ಅವರನ್ನು ಮನೆಗೆ ಬಿಡಲು ಜೀಪು ತರಿಸಿ, "ಎಲೆ ಹಾಕಿ ತಾಯಿ," ಅಂದರು.