ಕೆಂಪು ಗೆರೆಯ ರೆಕ್ಕೆ

ಮೂವತ್ತೆರಡು ವರ್ಷಗಳ ಹಿಂದೆ, ಬಾಲವನ್ನು ನೆಟ್ಟಗಿಡುವ ಯಾವ ಸಲಕರಣೆಯೂ ಕೈಗೆಟುಕದ ಕಾಲದಲ್ಲಿ, ವರ್ಕ್‌ಷಾಪ್ ಮೇಷ್ಟ್ರು ರೇಡಿಯೊದಿಂದ ಹಾರಿಸುವ ಮಾದರಿ ಹೆಲಿಕಾಪ್ಟರೊಂದನ್ನು ಎದೆಮಟ್ಟದಲ್ಲಿ ಹನ್ನೊಂದು ನಿಮಿಷ, ಟ್ಯಾಂಕಿನ ಕೊನೆಯ ಹನಿ ಆರುವವರೆಗೆ, ಅಲುಗದಂತೆ ನಿಲ್ಲಿಸಿದ್ದರು. ಅದಕ್ಕೆ ಮುನ್ನ ಹದಿನೇಳು ಜೊತೆ ರೆಕ್ಕೆಗಳು ಮುರಿದಿದ್ದವು. ಅದನ್ನು ಕಣ್ಣಾರೆ ಕಂಡವರಾರೂ ಈಗ ಬದುಕಿಲ್ಲ, ಹೆಂಡತಿಯೂ ಇಲ್ಲ. ಈ ಹೊಸ ಊರಿನಲ್ಲಿ ಆ ಕತೆಗೆ ಉಳಿದದ್ದು ಭಾನುವಾರ ಭಾನುವಾರ ಬರುವ ಮೊಮ್ಮಗಳ ಕಿವಿಯೊಂದೇ. ವಾರದ ಮಿಕ್ಕ ಆರು ದಿನ ಅವರು ಆ ಒಂದು ಗಂಟೆಗಾಗಿ ಬದುಕುತ್ತಿದ್ದರು.

ಇಂಥ ಪಳಗಿದ ಕೈಯವರಿಗೆ ಎಚ್ಚರಿಕೆ ಹೇಳಿದವಳು ಪಕ್ಕದ ಬೀದಿಯ ಮುದುಕಿ. ಸತ್ತ ಗಂಡನ ಹಳೆಯ ಹೆಲಿಕಾಪ್ಟರನ್ನು ಒಪ್ಪಿಸುವಾಗ ಆಕೆ ಒಂದು ರೆಕ್ಕೆಯನ್ನು ಮಾತ್ರ ಬಟ್ಟೆ ಸುತ್ತಿ ಹಿಡಿದಿದ್ದಳು.

"ಮಿಕ್ಕಿದ್ದೆಲ್ಲ ಬದಲಾಯಿಸ್ಕೊಳ್ಳಿ. ಈ ಕೆಂಪು ಗೆರೆ ರೆಕ್ಕೆ ಮಾತ್ರ ಬಿಚ್ಚಬೇಡಿ. ನಮ್ಮೆಜಮಾನ್ರಿಗೆ ಮಾಡಿಸಿದ್ದ ಮಾಟಾನ ಇದರೊಳಗೇ ಕಟ್ಟಿಸಿಟ್ಟಿದೀವಿ."

"ಅದು ಅವರಿಗೇನು ಮಾಡ್ತಮ್ಮ?"

"ಮನೇಲಿದ್ರೂ ಇಲ್ಲದ ಹಾಗೆ ಮಾಡ್ತು."

"ನಾನು ಈ ಊರಿಗೆ ಬಂದ ಆರು ವರ್ಷದಿಂದ ಹಾಗೇ ಇದೀನಲ್ಲಮ್ಮ, ಯಾರೂ ಮಾಟ ಮಾಡಿಸ್ದೇನೇ," ಎಂದು ಮೇಷ್ಟ್ರು ನಕ್ಕರು. ಆಕೆ ನಗಲಿಲ್ಲ.

ಎರಡು ವಾರಗಳಲ್ಲಿ ಯಂತ್ರಕ್ಕೆ ಮರುಜೀವ ಬಂತು. ಮಸಿ ಹಿಡಿದ ಎಂಜಿನ್ನಿನ ಜಾಗಕ್ಕೆ ಬ್ಯಾಟರಿ ಮೋಟರು, ಬಾಲದ ಹಿಡಿತಕ್ಕೆ ಎಲೆಕ್ಟ್ರಾನಿಕ್ ಗೈರೊ. ಉಳಿದದ್ದು ರೆಕ್ಕೆಗಳ ತೂಕ. ಎರಡೂ ರೆಕ್ಕೆಗಳನ್ನು ಒಂದು ಸರಳಿಗೆ ಸಿಕ್ಕಿಸಿ, ಎರಡು ಲೋಟಗಳ ಮೇಲೆ ಸರಳಿಟ್ಟು ತೂಗಿದರೆ ಕೆಂಪು ಗೆರೆಯದೇ ಮೆಲ್ಲಗೆ ಕೆಳಗಿಳಿಯುತ್ತಿತ್ತು. ಹಗುರಾದ ತುದಿಗೆ ತುಂಡು ಟೇಪು ಅಂಟಿಸಿದ್ದರೆ ಮುಗಿಯುತ್ತಿತ್ತು. ಆದರೆ ಟೇಪು ಮೈಗಳ್ಳರ ಮದ್ದೆಂದು ಮೂವತ್ತು ವರ್ಷ ಪಾಠ ಹೇಳಿದ ನಾಲಗೆ ಅವರದು. ಶನಿವಾರ ಮಧ್ಯಾಹ್ನ ಬ್ಲೇಡು ಹಿಡಿದು ರೆಕ್ಕೆಯ ಹೊದಿಕೆಯನ್ನು ಸೀಳಿದರು.

ಸುಟ್ಟ ಕೂದಲಿನ ಕಮಟು ಮೂಗಿಗೆ ಬಡಿಯಿತು. ತೂಕದ ಸೀಸವಿರಬೇಕಾದ ಗುಳಿಯಲ್ಲಿ ಕಪ್ಪು ದಾರ ಸುತ್ತಿದ ಕೂದಲ ಗಂಟು, ಸೀಸಕ್ಕಿಂತ ಭಾರ. ಮುಟ್ಟಿದರೆ ಬೆಚ್ಚಗಿತ್ತು. ಕಕ್ಕಸಿಗೆ ಎಸೆದು ನೀರು ಬಿಟ್ಟರು. ಗುಳಿಗೆ ಸೀಸ ತುಂಬಿದರು. ಮತ್ತೆ ತೂಗಿದರೆ ರೆಕ್ಕೆಗಳು ಇಷ್ಟೂ ಓಲದೆ ನಿಂತವು.

ಭಾನುವಾರ ಬೆಳಗ್ಗೆ ಬಯಲಿನಲ್ಲಿ ಯಂತ್ರ ಎದ್ದಿತು. ಎದೆಮಟ್ಟಕ್ಕೆ ಬಂತು. ನಿಂತಿತು. ಹುಲ್ಲು ಬಾಗುತ್ತಿದೆ, ಮುಖಕ್ಕೆ ಗಾಳಿ ರಾಚುತ್ತಿದೆ. ರೆಕ್ಕೆಯ ಸದ್ದು ಮಾತ್ರ ಇಲ್ಲ. ಯಾರಾದರೂ ನೋಡಲೆಂದು ಬಯಲಿನ ಕಾವಲುಗಾರನನ್ನು ಕೂಗಿದರು. ಆತ ಅವರತ್ತ ತಿರುಗಲಿಲ್ಲ. ತಲೆಯೆತ್ತಿ ಆಕಾಶದಲ್ಲಿ ಏನನ್ನೋ ಹುಡುಕಿದ. ಗಂಟಲು ಹರಿಯುವಂತೆ ಮತ್ತೆ ಕೂಗಿದರು. ಆತ ಕಿವಿ ಮುಚ್ಚಿಕೊಂಡ.

ಯಂತ್ರವನ್ನು ಇಳಿಸಿ, ಅವುಚಿಕೊಂಡು ಮನೆಗೆ ಓಡಿದರು. ಮೆಟ್ಟಿಲು. ಬಾಗಿಲು. ಚಿಲಕ. ಅದನ್ನು ಮೇಜಿನ ಮೇಲೆ ಕುಕ್ಕಿ, ಬ್ಯಾಟರಿ ಕಿತ್ತು ಕಿಟಕಿಯಾಚೆ ಎಸೆದರು. ಕಕ್ಕಸಿನೊಳಕ್ಕೆ ಮೊಣಕೈವರೆಗೆ ಕೈ ತೂರಿದರು. ತಣ್ಣನೆ ನೀರು. ದಾರವಿಲ್ಲ. ಗಂಟಿಲ್ಲ. ಕರೆಗಂಟೆ ಮೊಳಗಿತು.

ಮೊಮ್ಮಗಳು ಎಂದಿನಂತೆ ಸ್ಟೂಲಿನ ಮೇಲೆ ಕಾಲಾಡಿಸುತ್ತ ಕೂತು, ಹನ್ನೊಂದು ನಿಮಿಷದ ಕತೆ ಹೇಳೆಂದಳು. ಮೇಷ್ಟ್ರು ತುಟಿ ಒದ್ದೆ ಮಾಡಿಕೊಂಡರು. ಬದುಕಿನಲ್ಲಿ ಎಂದೂ ಇಲ್ಲದಷ್ಟು ನಿಧಾನವಾಗಿ, ಒಂದೊಂದೇ ಪದ ಬಿಡಿಸಿ, ಮೊದಲ ರೆಕ್ಕೆ ಮುರಿದದ್ದರಿಂದ ಕೊನೆಯ ಹನಿಯವರೆಗೂ ಹೇಳಿದರು. ಅವಳ ಮುಂಗುರುಳು ಗಾಳಿಗೆ ಹಾರತೊಡಗಿತು.

ಅವಳು ಮುಖ ಕಿವುಚಿ, ಮೇಜಿನ ಮೇಲೆ ಕದಲದೆ ನಿಂತಿದ್ದ ಹೆಲಿಕಾಪ್ಟರಿನತ್ತ ಬೆರಳು ತೋರಿದಳು.

"ಅಜ್ಜಾ, ಮೊದಲು ಅದನ್ನ ಆಫ್ ಮಾಡು. ಬರೀ ಅದರ ಸದ್ದೇ ಕೇಳಿಸ್ತಿದೆ. ಆಮೇಲೆ ಇನ್ನೊಂದ್ಸಲ ಮೊದಲಿಂದ ಹೇಳು."