ಜೀನ್ಸ್ ಹಾಕಿದ ಆಡು, ನಳದ ಸುದ್ದಿ

"ಕಾಲು ಎತ್ತಲೇ ಚಾಂದನಿ, ಒಂದ ಒಂದು ಕಾಲು," ಎಂದು ಇರ್ಫಾನಾ ಬೇಡಿಕೊಳ್ಳುತ್ತಿದ್ದಳು.

ಚಾಂದನಿ ಕಾಲೆತ್ತಲಿಲ್ಲ. ಪ್ಯಾಂಟಿನ ಜೇಬು ತಿನ್ನತೊಡಗಿತು.

ಚಾಂದನಿ ಅಂದರೆ ಆಡು. ಪ್ಯಾಂಟು ಅಂದರೆ ಅಸಲಿ ಬಳ್ಳಾರಿ ಜೀನ್ಸು. ಇರ್ಫಾನಾಳ ಅಬ್ಬಾ ಜೀನ್ಸ್ ಹೊಲಿಯುವವರು. ಉಳಿದ ತುಂಡುಗಳಲ್ಲಿ ಆಡಿಗೂ ಒಂದು ಹೊಲಿದುಕೊಟ್ಟಿದ್ದರು. ನಾಲ್ಕು ಕಾಲಿನ ಜೀನ್ಸ್ ಇಡೀ ಪ್ರಪಂಚದಲ್ಲಿ ಇದೊಂದೇ. ಎರಡನೆಯದು ಇದ್ದರೆ ತಂದು ತೋರಿಸಿ, ನನ್ನ ಮೀಸೆ ಬೋಳಿಸಿಕೊಳ್ಳುತ್ತೇನೆ.

ಆ ಆಡಿನ ರೀಲ್ ಹಾಕಿದರೆ ಸಾಕು, ಸಿರುಗುಪ್ಪದಿಂದ, ಕುರುಗೋಡಿನಿಂದ ಲೈಕುಗಳು ಲಾರಿಗಟ್ಟಲೆ ಬಂದು ಬೀಳುತ್ತಿದ್ದವು. ಅಮ್ಮಿಯ ಫೋನು ಎಷ್ಟು ಬಿಸಿಯಾಗುತ್ತಿತ್ತೆಂದರೆ ಅದರ ಮೇಲೆ ರೊಟ್ಟಿ ಸುಡಬಹುದಿತ್ತು. ಕಂಟೋನ್ಮೆಂಟಿನ ಆ ಓಣಿಯಲ್ಲಿ ಐದನೇ ಕ್ಲಾಸಿನ ಇರ್ಫಾನಾಳೇ ಸ್ಟಾರ್.

ಹೋದ ತಿಂಗಳವರೆಗೆ.

ಆ ಓಣಿಯ ಮನೆಗಳ ನಳಕ್ಕೆ ನೀರು ಯಾವ ದಿನ, ಎಷ್ಟು ಹೊತ್ತಿಗೆ ಬರುತ್ತದೆಂಬುದು ನೀರಿಗೂ ಗೊತ್ತಿರುವುದಿಲ್ಲ. ಮೊದಲು ನೋಡಿದವರು ಓಣಿಯ ಗ್ರೂಪಿನಲ್ಲಿ "ನೀರು ಬಂತು" ಎಂದು ಹಾಕಬೇಕು. ಹೋದ ತಿಂಗಳೂ ಯಾರೋ ಹಾಕಿದರು. ಆದರೆ ಆ ಆ್ಯಪ್ ದೊಡ್ಡ ಕಂಪನಿಯದು, ಲೈಕು ಜಾಸ್ತಿ ಬಂದದ್ದನ್ನೇ ಮೇಲೆ ತೋರಿಸುತ್ತದೆ. ಮೇಲೆ ಚಾಂದನಿ ಕುಣಿಯಿತು. ಅದರ ಕೆಳಗೆ ಸೋಪಿನ ಜಾಹೀರಾತು ಕುಣಿಯಿತು. ಅದರ ಕೆಳಗೆ ಯಾರದೋ ಬೆಕ್ಕು. ನೀರಿನ ಸುದ್ದಿ ಎಲ್ಲರ ಕಣ್ಣಿಗೆ ಬಿದ್ದದ್ದು ಮರುದಿನ.

ಫೋನ್ ರಿಪೇರಿಯ ಮುಸ್ತಾಕ್ ಸಿಟ್ಟಿಗೆದ್ದ. "ಕಂಪನಿಯೋರಿಗೆ ನಮ್ಮ ನೀರಿನ ಚಿಂತಿ ಯಾಕ ಇರ್ತೈತಿ? ನಮ್ಮ ಕಟ್ಟಿ ನಾವ ಕಟ್ಟೋಣ," ಎಂದ.

ಅವನ ಅಂಗಡಿಯಲ್ಲಿ ಒಂದು ಹಳೇ ಕಂಪ್ಯೂಟರ್ ಇತ್ತು. ಅದು ಟಿಪ್ಪುವಿನ ಕಾಲದ್ದು ಅಂತ ನನ್ನ ಲೆಕ್ಕ. ಅದರಲ್ಲೇ 'ಓಣಿ ಕಟ್ಟೆ' ಎಂಬ ಆ್ಯಪನ್ನು ಕೂರಿಸಿದ. ಹೊಸ ಸುದ್ದಿ ಮೇಲೆ, ಹಳೇ ಸುದ್ದಿ ಕೆಳಗೆ. ಜಾಹೀರಾತು ಇಲ್ಲ. ಕಟ್ಟೆ ನೋಡಿಕೊಳ್ಳುವುದು ವಾರಕ್ಕೊಂದು ಮನೆಯ ಪಾಳಿ, ಪಾಳಿಯವರ ಹೆಸರು ಎಲ್ಲಕ್ಕಿಂತ ಮೇಲೆ. ಓಣಿಯ ಜನರೆಲ್ಲ ಅಲ್ಲಿಗೆ ಹೋದರು.

"ಲೈಕ್ ಬಟನ್ ಎಲ್ಲೈತಿ ಮಾಮು?" ಇರ್ಫಾನಾ ಕೇಳಿದಳು.

"ಇಲ್ಲ."

"ಮತ್ತ ಚಾಂದನಿ ಚೆಂದ ಅದಾಳ ಅಂತ ಹೆಂಗ ಗೊತ್ತಾಗಬೇಕು?"

"ಬಂದು ನೋಡಿ ಹೇಳ್ತೀವಿ ಬಿಡವ್ವ. ನಿಮ್ಮನಿ ಏನು ದಿಲ್ಲಿಯಾಗ ಐತೇನು?"

ಚೀಟಿ ಎತ್ತಿದಾಗ ಮೊದಲ ಪಾಳಿ ಸರೋಜಾಳ ಮನೆಗೆ ಬಂತು. ಅವರ ಮನೆಯಲ್ಲಿ ಅಜ್ಜಿಗೆ ಫೋನು ಬಳಸಲು ಬರುವುದಿಲ್ಲ, ಆದ್ದರಿಂದ ಕೆಲಸ ಸರೋಜಾಳದ್ದು. ಸರೋಜಾ ಇರ್ಫಾನಾಳ ಪಕ್ಕ ಒಂದೇ ಬೆಂಚಿನಲ್ಲಿ ಕೂರುವವಳು. ಕ್ಲಾಸಿನಲ್ಲಿ ಎದ್ದು ನಿಂತರೆ ಬಾಯಿಂದ ದನಿ ಬರುವುದಿಲ್ಲ. ಅಂಥವಳ ಹೆಸರು ಈಗ ಕಟ್ಟೆಯ ಮೇಲೆ ಎಲ್ಲರಿಗೂ ಕಾಣುವಂತೆ ಕೂತಿತ್ತು. ದಾರಿಯಲ್ಲಿ ಸಿಕ್ಕವರೆಲ್ಲ ಅವಳನ್ನು "ಏನವ್ವ ಗೌಡ್ತಿ" ಎಂದು ಮಾತಾಡಿಸುತ್ತಿದ್ದರು. ಆಡನ್ನು ಕೇಳುವವರೇ ಇಲ್ಲ.

ಇರ್ಫಾನಾಳ ಹೊಟ್ಟೆಯೊಳಗೆ ಗುಂಟೂರು ಮೆಣಸಿನಕಾಯಿಯ ಮೂಟೆಗೇ ಬೆಂಕಿ ಬಿತ್ತು. ಮೂಗಿನಿಂದ ಹೊಗೆ ಬಂದದ್ದನ್ನು ಚಾಂದನಿ ಕಣ್ಣಾರೆ ಕಂಡಿದೆ.

"ಸರು, ನಿನ್ನ ಹೆಸರು ಯಾಕ ಮ್ಯಾಲ ಬರ್ತೈತಿ?"

"ಪಾಳಿ ಐತಲ್ಲ. ನಿಂದೂ ಬರ್ತೈತಿ."

"ನನಗೇನು ಬ್ಯಾಡ," ಎಂದು ಇರ್ಫಾನಾ ಚೀಲ ಎತ್ತಿಕೊಂಡು ಬೇರೆ ಬೆಂಚಿಗೆ ಹೋದಳು.

ಭಾನುವಾರ ಮಧ್ಯಾಹ್ನ. ಬಿಸಿಲು ಎಂಥದ್ದೆಂದರೆ ಗುಡ್ಡದ ಕಲ್ಲುಗಳೇ ನೆರಳು ಹುಡುಕಿಕೊಂಡು ಉರುಳುತ್ತಿದ್ದವು. ಓಣಿಯ ಎಲ್ಲ ಮನೆಗಳೂ ಬಾಗಿಲು ಮುಚ್ಚಿ ಮಲಗಿದ್ದವು. ಅಮ್ಮಿ ಫೋನು ಮನೆಯಲ್ಲೇ ಬಿಟ್ಟು ಗಾಂಧಿನಗರಕ್ಕೆ ಹೋಗಿದ್ದಳು.

ಆಗ ಮನೆ ಮುಂದಿನ ಗುಂಡಿಯಲ್ಲಿದ್ದ ನಳ 'ಫುಸ್' ಎಂದಿತು.

ಇರ್ಫಾನಾಳ ಮನೆ ಓಣಿಯ ಮೊದಲನೆಯದು. ನೀರು ಮೊದಲು ಬರುವುದೇ ಅಲ್ಲಿಗೆ. ಅವಳು ಪೈಪು ಹಚ್ಚಿ ಡ್ರಮ್ಮಿಗೆ ಬಿಟ್ಟಳು. ಫೋನು ತೆಗೆದು ಕಟ್ಟೆ ತೆರೆದಳು. ಮೇಲೆ ಅದೇ ಹೆಸರು. ಸರೋಜಾ.

ಸುದ್ದಿ ಹಾಕೋದು ನಾನು, ಶಭಾಷ್ ಅನ್ನಿಸಿಕೊಳ್ಳೋದು ಅವಳು ಎಂದುಕೊಂಡಳು ಇರ್ಫಾನಾ.

ಕಟ್ಟೆ ಮುಚ್ಚಿದಳು. ಹಳೇ ಆ್ಯಪ್ ತೆರೆದಳು. ಚಾಂದನಿಗೆ ಜೀನ್ಸ್ ತೊಡಿಸಿ, ಪೈಪಿನಿಂದ ನೀರು ಹಾರಿಸಿ ಒಂದು ರೀಲ್ ಮಾಡಿದಳು. ಚಾಂದನಿ ನೆಗೆದ ನೆಗೆತಕ್ಕೆ ಕೋಟೆಯ ಗೋಡೆ ದಾಟಬೇಕಿತ್ತು, ಹಗ್ಗ ಕಟ್ಟಿದ್ದರಿಂದ ಉಳಿಯಿತು. ಲೈಕು, ಹಾರ್ಟು, ಬೆಂಕಿ ಚಿತ್ರ ಎಲ್ಲ ಬಂದವು. ಡ್ರಮ್ಮು ತುಂಬಿತು. ಸ್ವಲ್ಪ ಹೊತ್ತಿಗೆ ನಳ ಸೀನಿದಂತೆ ಸದ್ದು ಮಾಡಿ ಸುಮ್ಮನಾಯಿತು.

ಸಂಜೆ ಅಮ್ಮಿ ಬಂದು ಡ್ರಮ್ಮು ನೋಡಿ, "ಶಭಾಷ್ ಬೇಟಿ. ಎಲ್ಲರಿಗೂ ಹೇಳಿದೇನು?" ಎಂದಳು.

ಇರ್ಫಾನಾ ಹೂಂ ಎಂದು ತಲೆ ಆಡಿಸಿದಳು.

ಆಮೇಲೆ ಮಾಳಿಗೆ ಹತ್ತಿ ಕೂತಳು. ಓಣಿಯ ಕೊನೆಗೆ ಸರೋಜಾಳ ಮನೆ ಕಾಣುತ್ತಿತ್ತು. ಕರೂರಿನಿಂದ ಅವಳ ಅತ್ತೆ ಮಕ್ಕಳನ್ನು ಕರೆದುಕೊಂಡು ಬಂದಿದ್ದಳು. ಬಂದವರ ಕಾಲಿಗೆ ನೀರು ಕೊಡಬೇಕಲ್ಲ. ಸರೋಜಾಳ ಅಜ್ಜಿ ಹೊನ್ನೂರಮ್ಮ ಕೊಡವನ್ನು ಪೂರ್ತಿ ಬೋರಲು ಹಿಡಿದು ತಂಬಿಗೆಗೆ ಬಗ್ಗಿಸುತ್ತಿದ್ದಳು. ತಂಬಿಗೆ ಅರ್ಧ ತುಂಬಿತು.

ಅಷ್ಟರಲ್ಲಿ ಸರೋಜಾಳ ಪಕ್ಕದ ಮನೆಯ ಜಯಶ್ರೀ ಆಂಟಿ ಹೊರಗೆ ಬಂದಳು.

"ಏನವ್ವ ಗೌಡ್ತಿ, ಗುಂಡಿ ಎಲ್ಲಾ ಹಸಿ ಐತಿ. ನೀರು ಬಂದು ಹೋಗೇತಿ. ನಿನ್ನ ಪಾಳಿಯಾಗ ಹಿಂಗಾತಲ್ಲ, ನಿದ್ದಿ ಹೊಡದೇನು?"

"ಯಾರೂ ಹಾಕಿಲ್ರಿ ಆಂಟಿ. ನಾ ನೋಡ್ಕೊಂತನ ಇದ್ದೆ," ಎಂದಳು ಸರೋಜಾ. ದನಿ ಕ್ಲಾಸಿನಲ್ಲಿ ಬಂದಷ್ಟೂ ಬರಲಿಲ್ಲ.

ಇನ್ನಿಬ್ಬರು ಹೆಂಗಸರು ಸೇರಿಕೊಂಡರು. ಇರ್ಫಾನಾ ಇದನ್ನೇ ನೋಡಬೇಕೆಂದಿದ್ದಳು. ಈಗ ನೋಡುತ್ತಿದ್ದಳು. ಆದರೆ ಹೊಟ್ಟೆಯೊಳಗಿನ ಮೆಣಸಿನಕಾಯಿ ತಣ್ಣಗಾಗಲೇ ಇಲ್ಲ.

ಅಜ್ಜಿ ಕೊಡ ಸೊಂಟಕ್ಕೆ ಇಟ್ಟುಕೊಂಡಳು. "ನಡಿ ಸರೂ, ರೋಡಿನ ಬೋರಿಗೆ ಹೋಗಿ ಬರೋಣು," ಎಂದಳು. ಇಬ್ಬರೂ ಇರ್ಫಾನಾಳ ಮನೆಯ ಮುಂದೆಯೇ ಹಾದುಹೋದರು. ಅಜ್ಜಿ ನಡುವೆ ನಿಂತು ಮೊಣಕಾಲು ಒತ್ತಿಕೊಂಡಳು. ಸರೋಜಾ ಕಣ್ಣು ಒರೆಸಿಕೊಂಡಳು. ಮೇಲೆ ನೋಡಲಿಲ್ಲ.

ಫೋನು 'ಟಿಂಗ್' ಎಂದಿತು. ಕುರುಗೋಡಿನ ಯಾರೋ "ಸೂಪರ್" ಎಂದು ಬರೆದಿದ್ದರು.

ಯಾರು ಅವರು? ಇರ್ಫಾನಾಳಿಗೆ ಗೊತ್ತಿರಲಿಲ್ಲ.

ಅವಳು ಕೆಳಗಿಳಿದು ಡ್ರಮ್ಮಿನಿಂದ ಕೊಡ ತುಂಬಿದಳು. ಆ ಕೊಡ ಅವಳಿಗಿಂತ ದೊಡ್ಡದಿತ್ತು. ಇದು ಮಾತ್ರ ಉತ್ಪ್ರೇಕ್ಷೆ ಅಲ್ಲ, ಹೆಚ್ಚುಕಡಿಮೆ. ಓಲಾಡುತ್ತ ರೋಡಿನ ಕಡೆ ಓಡಿದಳು.

"ಅಜ್ಜಿ, ಬೋರಿಗೆ ಹೋಗಬ್ಯಾಡ್ರಿ. ನೀರು ತಂದೀನಿ."

ಅಜ್ಜಿ ನಿಂತಳು. ಸರೋಜಾ ಕೊಡ ನೋಡಿದಳು, ಇರ್ಫಾನಾಳ ಮುಖ ನೋಡಿದಳು.

"ನಿಮ್ಮನಿಗೆ ಬಂದಿತ್ತಾ?"

"ಬಂದಿತ್ತು."

"ನೀ ನೋಡಿದ್ದೇನು?"

"ನೋಡಿದ್ದೆ. ಬೇಕಂತನ ಸುದ್ದಿ ಹಾಕಲಿಲ್ಲ."

ಸರೋಜಾ ಮುಖ ಆಚೆ ತಿರುಗಿಸಿದಳು.

"ಲೇ, ಕೊಡ ಸರಿ ಹಿಡಿ. ಚೆಲ್ಲಾಕ ಹತ್ತೇತಿ," ಎಂದಳು. ಒಂದು ಕಡೆ ತಾನೂ ಕೈ ಹಾಕಿದಳು. ದಾರಿಯುದ್ದಕ್ಕೂ ಅವಳ ಮುಖ ಮಾತ್ರ ಆಚೆ ಕಡೆಗೇ ಇತ್ತು.

ಆ ಸಂಜೆ ಇರ್ಫಾನಾ ಕಟ್ಟೆಯಲ್ಲಿ ಬರೆದಳು: "ನೀರು ಬಂದಿದ್ದು ನನಗೆ ಗೊತ್ತಿತ್ತು. ಸರೋಜಾಳ ತಪ್ಪಿಲ್ಲ." ಅದನ್ನು ಓದಿದ ಅಮ್ಮಿ ಏನೆಂದಳೆಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಕಾಗದ ಸುಟ್ಟುಹೋಗುತ್ತದೆ.

ವಾರಗಳು ಕಳೆದು ಇರ್ಫಾನಾಳ ಮನೆಯ ಪಾಳಿ ಬಂತು. ಕಟ್ಟೆಯ ಮೇಲೆ ಅವಳ ಹೆಸರು ಕೂತಿತು. ಶಾಲೆಯಿಂದ ಬಂದವಳೇ ಅವಳು ಬಟ್ಟೆ ಕೂಡ ಬದಲಿಸದೆ ನಳದ ಗುಂಡಿಯ ಪಕ್ಕ ಕಾಯುತ್ತ ಕೂರುತ್ತಿದ್ದಳು. ಚಾಂದನಿ ಅವಳ ರಿಬ್ಬನ್ ತಿನ್ನುತ್ತ ಜೊತೆಗಿರುತ್ತಿತ್ತು.

ಒಂದು ಸಂಜೆ ನಳ 'ಫುಸ್' ಎಂದಿತು.

"ನೀರು ಬಂತು," ಎಂದು ಹಾಕಿದಳು. ಲೈಕು ಬರಲಿಲ್ಲ. ಬರಲು ಬಟನ್ನೇ ಇಲ್ಲ. ಫೋನು ತಣ್ಣಗಿತ್ತು.

ಆಮೇಲೆ ಪಕ್ಕದ ಮನೆಯ ಚಿಲಕ ಸರಿಯಿತು. ಒಂದು ಕೊಡ ನೆಲಕ್ಕೆ ತಾಗಿ 'ಠಣ್' ಎಂದಿತು. ಅದರಾಚೆ ಇನ್ನೊಂದು. ಬಕೆಟ್ಟು, ತಂಬಿಗೆ, ಸ್ಟೀಲು, ಪ್ಲಾಸ್ಟಿಕ್ಕು, ಎಲ್ಲ ಸದ್ದೂ ಸಾಲಾಗಿ ಓಣಿಯ ಕೊನೆಯವರೆಗೆ ಹೋಯಿತು.

ಇರ್ಫಾನಾ ಪೈಪು ಕೈಯಲ್ಲಿ ಹಿಡಿದು ಕಾದಳು. ಕೊನೆಯ ಮನೆಯ ಬಾಗಿಲು ತೆರೆಯಿತು.

"ಅಜ್ಜಿ, ಕೊಡ ತಗೊಂಡು ಬಾ," ಎಂದು ಅಲ್ಲಿಂದ ಸರೋಜಾ ಕೂಗಿದಳು. ಕ್ಲಾಸಿನಲ್ಲಿ ಎಂದೂ ಕೇಳಿರದಷ್ಟು ಜೋರಾಗಿತ್ತು ಆ ದನಿ.

ಅದು ಕೇಳಿದ ಮೇಲೆಯೇ ಇರ್ಫಾನಾ ತಮ್ಮ ಡ್ರಮ್ಮಿಗೆ ಪೈಪು ಹಾಕಿದಳು.