ಬೆಂದ ಕಾಳಿನ ಬಿಸಿ

"ನನ್ನ ಥರ್ಮಾಸ್ ಅದಲುಬದಲು ಮಾಡೀರಿ ನೀವು! ಹೌದಿಲ್ರಿ?"

ಲ್ಯಾಬಿನೊಳಗೆ ಕಾಲಿಟ್ಟ ರಕ್ಷಿತ ಬಾಗಿಲಲ್ಲೇ ನಿಂತುಬಿಟ್ಟ.

ಎದುರಿಗೆ ಅಂಬಾ. ಸಿಟ್ಟಿಗೆ ಕಣ್ಣು ಕೆಂಪು, ನೆಗಡಿಗೆ ಮೂಗು ಅದಕ್ಕಿಂತ ಕೆಂಪು. ಮೇಜಿನ ಮೇಲೆ ಎರಡು ಥರ್ಮಾಸ್ ಫ್ಲಾಸ್ಕ್, ಎರಡರ ಬಾಯಿಗೂ ಹತ್ತಿ ತುರುಕಿ ನಿಲ್ಲಿಸಿದ ಥರ್ಮಾಮೀಟರು.

"ಎಂತ ಆಯ್ತು?" ಎಂದ ಅವನು.

"ಏನೂ ಗೊತ್ತಿಲ್ಲದವರಂಗ ಕೇಳಬ್ಯಾಡ್ರಿ!"

2004ರ ಏಪ್ರಿಲ್. ಪುಣೆಯ ಆ ಜೂನಿಯರ್ ಕಾಲೇಜಿನಲ್ಲಿ ಇಬ್ಬರೂ ಜೀವಶಾಸ್ತ್ರದ ತಾತ್ಕಾಲಿಕ ಶಿಕ್ಷಕರು. ಕಾಯಂ ಆಗುವುದು ಒಬ್ಬರೇ. ಅದಕ್ಕಾಗಿ ಆ ದಿನ ಆಯ್ಕೆ ಸಮಿತಿಯ ಎದುರು ಪಾಠ ಮಾಡಿ ತೋರಿಸಬೇಕಿತ್ತು.

ಅಂಬಾ ಆರಿಸಿಕೊಂಡದ್ದು ಜೀವಕೋಶದ ಉಸಿರಾಟ. ಹಿಂದಿನ ಸಂಜೆಯೇ ಒಂದು ಥರ್ಮಾಸಿನಲ್ಲಿ ಮೊಳಕೆಯೊಡೆದ ಹೆಸರುಕಾಳು, ಇನ್ನೊಂದರಲ್ಲಿ ಬೇಯಿಸಿದ ಕಾಳು ತುಂಬಿ ಲ್ಯಾಬಿನಲ್ಲಿಟ್ಟಿದ್ದಳು. ಮೊಳಕೆಯ ಪ್ರತಿ ಜೀವಕೋಶವೂ ಸಕ್ಕರೆ ಒಡೆದು ಶಕ್ತಿ ಮಾಡಿಕೊಳ್ಳುತ್ತದೆ; ಅದರಲ್ಲಿ ಒಂದಿಷ್ಟು ಬಿಸಿಯಾಗಿ ಹೊರಬರುತ್ತದೆ. ಬೆಂದ ಕಾಳು ಸತ್ತ ಕಾಳು, ತಣ್ಣಗಿರಬೇಕು. ಇಷ್ಟೇ ಪ್ರಯೋಗ! ಮಕ್ಕಳೂ ಮಾಡುತ್ತಾರೆ.

ಆದರೆ ಸಮಿತಿಯವರು ಬಗ್ಗಿ ನೋಡಿದಾಗ ಬೆಂದ ಕಾಳಿನ ಥರ್ಮಾಮೀಟರೇ ಮೇಲೇರಿ ಕುಳಿತಿತ್ತು. "ಮ್ಯಾಡಮ್, ನಿಮ್ಮಲ್ಲಿ ಸತ್ತವರೂ ಉಸಿರಾಡುತ್ತಾರೋ?" ಎಂದು ಒಬ್ಬರು ಮರಾಠಿಯಲ್ಲಿ ಕೇಳಿದರು. ಉಳಿದವರು ನಕ್ಕರು. ಅಂಬಾಳ ಕಿವಿಯಲ್ಲಿ ಆ ನಗು ಇನ್ನೂ ಕುದಿಯುತ್ತಿತ್ತು.

"ನಿನ್ನೆ ಸಂಜೀಕ ಲ್ಯಾಬ್ ಕೀಲಿ ಹಾಕಿದವರು ನೀವು. ನಾ ಬಿದ್ರ ಪೋಸ್ಟ್ ಸಿಗೂದೂ ನಿಮಗ. ಮತ್ಯಾರು ಮಾಡ್ತಾರ?"

ರಕ್ಷಿತ ಒಳಗೆ ಬಂದು ಬೆಂದ ಕಾಳಿನ ಫ್ಲಾಸ್ಕಿನ ಹತ್ತಿ ತೆಗೆದು ಮೂಸಿದ. ಮುಖ ಕಿವುಚಿದ.

"ಹಳಸಿದ ವಾಸನೆ ಬರ್ತಾ ಉಂಟು. ಕಾಳು ಕೆಟ್ಟಿದೆ ಅಂಬಾ..."

ಮೂಗು ಕಟ್ಟಿದ ಅಂಬಾಗೆ ಯಾವ ವಾಸನೆಯೂ ಇಲ್ಲ! ಅವಳಿಗೆ ಅದು ಶುದ್ಧ ಕುಚೋದ್ಯವಾಗಿ ಕೇಳಿತು. ಕಾಳು ಕೆಡದಂತೆ ಫಾರ್ಮಲಿನ್ ಬೆರೆಸಿದ ನೀರಿನಲ್ಲಿ ನೆನೆಹಾಕಿಸಿದ್ದಳಲ್ಲ, ಕೆಡುವುದು ಹೇಗೆ?

"ಇಲ್ಲಿ ನಿಮ್ಮ ಹೋಟೆಲ್ ಬುದ್ಧಿ ತೋರಸಬ್ಯಾಡ್ರಿ! ಉಸುಳಿ ಮೂಸಿ ನೋಡೂ ಅಡಗಿಮನಿ ಅಲ್ಲ ಇದು!"

ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು, ನಿಜ. ಆದರೆ ಸಿಟ್ಟು ಬಂದಾಗ ನಾಲಿಗೆಗೆ ಲಗಾಮು ಹಾಕುವವರ ಪೈಕಿಯಲ್ಲ ಅವಳು.

ರಕ್ಷಿತನ ಮುಖ ಬಿಳಿಚಿಕೊಂಡಿತು. ಪುಣೆಯ ಕ್ಯಾಂಪ್ ಬಡಾವಣೆಯಲ್ಲಿ ಅವನ ಅಪ್ಪ ಸುಂದರ ಅವರದು ಉಡುಪಿ ಹೋಟೆಲ್ಲು. ಆ ಹೋಟೆಲಿನ ಕಾಫಿಯನ್ನು ಅವನು ವಾರಕ್ಕೊಮ್ಮೆ ಅವಳಿಗೆಂದೇ ತರುತ್ತಿದ್ದ. ಅದನ್ನು ಕುಡಿಯುತ್ತ ಅವಳು ಕಂಡ ಕನಸುಗಳು... ಬೇಡ, ಈಗ ಅವು ಬೇಡ!

"ಆಯ್ತು," ಎಂದ ಅವನು. "ನೀವು ನನ್ನನ್ನು ಕೇಳಲೇ ಇಲ್ಲ. ತೀರ್ಪು ಕೊಟ್ಟು ಆಗಿದೆ ಅಲ್ವಾ?"

ಅವಳು ಸೀದಾ ಪ್ರಿನ್ಸಿಪಾಲರ ಕೋಣೆಗೆ ಹೋದಳು. ಅಲ್ಲಿ ಹೇಳಬೇಕಾದ್ದನ್ನೆಲ್ಲ ಹೇಳಿದಳು, ಹೇಳಬಾರದ್ದನ್ನೂ ಹೇಳಿದಳು. ಹಾಗಿದ್ದರೆ ಆ ಮನುಷ್ಯ ನಾಳೆಯಿಂದ ಕಾಲೇಜಿಗೆ ಬರುವುದೇ ಬೇಡ ಎಂದರು ಪ್ರಿನ್ಸಿಪಾಲರು.

ಗೆದ್ದಂತೆ ಅನಿಸಬೇಕಿತ್ತು. ಅನಿಸಲಿಲ್ಲ.

ಕೋಥರೂಡದ ಮನೆಗೆ ಬಂದವಳು ಚಪ್ಪಲಿ ಒಂದು ಕಡೆ, ಬ್ಯಾಗು ಒಂದು ಕಡೆ ಎಸೆದಳು. ಅವ್ವ ನಾಗವ್ವ ಊಟದ ಗಂಗಾಳ ಮುಂದಿಟ್ಟಳು. ಅಂಬಾ ಅದನ್ನು ದೂಡಿದಳು.

"ಯಾಕವಾ? ಪಾಠ ಛಲೋ ಆಗಲಿಲ್ಲೇನು?"

"ಬೆಂದ ಕಾಳು ಬಿಸಿ ಆತವ್ವಾ! ರಕ್ಷಿತ ಥರ್ಮಾಸ್ ಬದಲಿ ಮಾಡ್ಯಾನ. ಅಂಥಾ ಮನಷ್ಯಾನ್ನ ನಾ... ಅವನ ಮೈಯಾಗೇ ಮೋಸ ತುಂಬ್ಯದ!"

"ಆ ಕಾಳು? ನಾನು ಕುದಿಸಿಕೊಟ್ಟಿದ್ದು?"

"ಹೂಂ. ಲ್ಯಾಬಿನಾಗ ಗ್ಯಾಸ್ ತೀರಿತ್ತಲ್ಲ, ಅದಕ್ಕ ನಿನಗ ಹೇಳಿದ್ದೆ. ಬಾಟಲಿ ಔಷಧದಾಗ ನೆನಸಿ ಡಬ್ಬಿಗೆ ತುಂಬು ಅಂದಿದ್ದೆ."

ನಾಗವ್ವ ಸೆರಗಿನಿಂದ ಕೈ ಒರೆಸಿಕೊಂಡಳು. ಮತ್ತೆ ಒರೆಸಿಕೊಂಡಳು.

"ನೆನಸಿದ್ದೆ. ಆಮ್ಯಾಲೆ ಛಂದಂಗ ತೊಳದೆ."

"ಏನು?"

"ಏನ್ ಕೆಟ್ಟ ವಾಸನಿ ಅಂತೀ! ಕಣ್ಣಾಗ ನೀರು ಬಂತು. ಕಾಳು ಅಂದ್ರ ಅನ್ನ, ಅನ್ನಕ್ಕ ವಿಷ ಹಾಕಿ ಇಡತಾರೇನ? ಹುಡುಗರು ಯಾರರೆ ಬಾಯಾಗ ಹಾಕ್ಕೊಂಡ್ರ ಏನ್ ಗತಿ? ವಾಸನಿ ಹೋಗೂತನಕ ತಿಕ್ಕಿ ತೊಳದು ತುಂಬಿದೆ."

ಅಂಬಾ ಗೋಡೆಗೆ ಒರಗಿದಳು.

ತೊಳೆದ ಬೆಂದ ಕಾಳು, ಏಪ್ರಿಲ್ ತಿಂಗಳ ಸೆಕೆ, ಬಿಸಿ ಹಿಡಿದಿಡುವ ಥರ್ಮಾಸು! ಕಾಳು ಸತ್ತಿದ್ದರೇನು, ಗಾಳಿಯ ಬ್ಯಾಕ್ಟೀರಿಯಾಗಳಿಗೆ ಅದು ಹಬ್ಬದೂಟ. ಒಂದೊಂದೂ ಒಂದೇ ಜೀವಕೋಶ. ಒಂದು ಒಡೆದು ಎರಡಾಗಿ, ಎರಡು ನಾಲ್ಕಾಗಿ, ರಾತ್ರಿ ಕಳೆಯುವುದರೊಳಗೆ ಲೆಕ್ಕವಿಲ್ಲದಷ್ಟಾಗಿ ತಿಂದು, ಉಸಿರಾಡಿ, ಬಿಸಿ ಉಗುಳಿದ್ದವು. ಇದನ್ನು ವರ್ಷವಿಡೀ ಮಕ್ಕಳಿಗೆ ಹೇಳಿಕೊಟ್ಟವಳು ಅವಳೇ!

ಅವನು ಹಳಸಿದೆ ಅಂದಿದ್ದ... ನಿಜವನ್ನೇ ಅಂದಿದ್ದ.

ಅವ್ವನ ಮೇಲೆ ಸಿಟ್ಟು ಮಾಡಲು ಬಾಯಿ ತೆರೆದಳು. ಆಗಲಿಲ್ಲ. ಆ ಸಿಟ್ಟೆಲ್ಲ ತಿರುಗಿ ತನ್ನ ಮೇಲೇ ಬಿತ್ತು. ನಾನೆಂಥ ಶಿಕ್ಷಕಿ? ನಾನೆಂಥ ಮನುಷ್ಯಳು?

ಮರುದಿನ ಬೆಳಿಗ್ಗೆ ಪ್ರಿನ್ಸಿಪಾಲರ ಎದುರು ನಿಂತು ತಪ್ಪು ತನ್ನದೆಂದು ಒಪ್ಪಿಕೊಂಡಳು. ಅವರು ಬೈದರು, ಅದೂ ಗುಮಾಸ್ತರೆಲ್ಲ ಕೇಳುವಂತೆ. ರಕ್ಷಿತನ ಕೆಲಸ ಉಳಿಯಿತು. ಕಾಯಂ ಹುದ್ದೆಯ ಆಸೆ ನಿಮಗಿನ್ನು ಬೇಡ ಎಂದೂ ಹೇಳಿದರು.

ಅಲ್ಲಿಂದ ಬಸ್ಸು ಹಿಡಿದು ಕ್ಯಾಂಪಿಗೆ.

ಹೋಟೆಲಿನಲ್ಲಿ ಜನವೋ ಜನ. ಗಲ್ಲಾಪೆಟ್ಟಿಗೆಯ ಹಿಂದೆ ರಕ್ಷಿತ. ಅವಳನ್ನು ನೋಡಿದ, ನೋಡದವನಂತೆ ಚಿಲ್ಲರೆ ಕೊಟ್ಟ.

"ಕಾಫಿಯಾ, ಚಹಾವಾ? ಕುಳಿತುಕೊಳ್ಳಿ, ಹೇಳಿ ಕಳಿಸ್ತೇನೆ."

"ನಾ ಕುಡಿಯಾಕ ಬಂದಿಲ್ರಿ. ತಪ್ಪಾತು ಅಂತ ಹೇಳಾಕ ಬಂದೀನಿ. ಪ್ರಿನ್ಸಿಪಾಲರ ಮುಂದೂ ಹೇಳಿ ಬಂದೀನಿ. ಕಾಳು ಹಳಸಿತ್ತು."

"ಗೊತ್ತುಂಟು. ನಾನು ನಿನ್ನೆಯೇ ಹೇಳಿದ್ದೆ."

"ಹಂಗಾರ ಪ್ರಿನ್ಸಿಪಾಲರ ಹತ್ರ ಯಾಕ ಹೋಗಲಿಲ್ಲ? ಯಾಕ ಸುಮ್ಮನ ಮನಿಗೆ ಬಂದ್ರಿ?" ಕ್ಷಮೆ ಕೇಳಲು ಬಂದವಳ ದನಿ ಏರಿತು.

"ನೀವೇ ನಂಬದ ಮೇಲೆ ಅವರು ನಂಬಿ ನನಗೆ ಎಂತ ಆಗಬೇಕು?" ಅವನೂ ಎದ್ದು ನಿಂತ. "ಮತ್ತೆ ಕೇಳಿ. ಪೋಸ್ಟ್ ನನಗೆ ಬಂದರೆ ನಾನು ತಗೊಳ್ತೇನೆ. ತ್ಯಾಗ ಗೀಗ ಎಲ್ಲ ಮಾಡುವುದಿಲ್ಲ."

"ತಗೋರಿ! ಯಾರು ಬ್ಯಾಡಂದ್ರು? ನನಗ ಬ್ಯಾರೆ ಕಾಲೇಜು ಸಿಗತದ."

"ನಾನು ಕಳ್ಳ ಅಂತ ನಿಮಗೆ ಹೇಗೆ ಅನಿಸಿತು ಅಂಬಾ? ಅದೊಂದು ಹೇಳಿ."

ಅವಳು ಗಲ್ಲಾಪೆಟ್ಟಿಗೆಯ ಹತ್ತಿರ ಸರಿದಳು.

"ಬ್ಯಾರೆ ಯಾರರೆ ಇದ್ದಿದ್ರ ನನಗ ಅಷ್ಟು ಸಿಟ್ಟೇ ಬರ್ತಿರ್ಲಿಲ್ಲ! ನೀವ ಮಾಡೀರಿ ಅನಿಸಿದ ಕೂಡ್ಲೆ ತಲಿ ಕೆಟ್ಟು ಹೋತು. ಯಾಕಂದ್ರ... ಯಾಕಂದ್ರ ನಾ ನಿಮ್ಮ ಮ್ಯಾಲೆ ಜೀವಾ ಇಟ್ಟೀನಿ!"

ಕೂಗಿಯೇ ಹೇಳಿದಳು. ದೋಸೆ ಮುರಿಯುತ್ತಿದ್ದ ಕೈಗಳು ನಿಂತವು. ಕನ್ನಡ ಬರುವವರೂ ತಿರುಗಿ ನೋಡಿದರು, ಬಾರದವರೂ ನೋಡಿದರು.

"ಮೆಲ್ಲಗೆ ಮಾರಾಯ್ತಿ... ಒಳಗೆ ಅಪ್ಪ, ಅಮ್ಮ ಇದ್ದಾರೆ."

"ಕೇಳಲಿ!"

ರಕ್ಷಿತ ಅವಳ ಕಡೆ ತಿರುಗಿದ. ಮುಖ ಬಿಗಿದೇ ಇತ್ತು. ಕಣ್ಣು ಮಾತ್ರ ತೇವವಾಗಿತ್ತು.

"ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಹೋಟೆಲ್ ಬುದ್ಧಿ ಅಂದಿರಿ. ಅದು ನನ್ನ ಅಪ್ಪನಿಗೆ ಅಂದದ್ದು."

"ಹೌದ್ರಿ. ಅವರ ಕಾಲಿಗೂ ಬೀಳ್ತೀನಿ. ನಿಮ್ಮ ಸಿಟ್ಟು ಇಳಿಯೂತನಕ ಇಲ್ಲೇ ಕುಂದರ್ತೀನಿ."

"ಇಳಿಯದಿದ್ದರೆ?"

"ಜಗಳಾಡ್ಕೋತ ಕುಂದರ್ತೀನಿ. ನನಗೂ ನಿಮ್ಮ ಮ್ಯಾಲೆ ಸಿಟ್ಟದ. ಒಂದು ಮಾತು ಜೋರಾಗಿ ಅಂದಿದ್ರ ನಾ ತಿಳ್ಕೋತಿದ್ದೆ..."

ಅಳು ಉಕ್ಕಿ ಬಂತು. ಅವಳು ಹತ್ತಿರದ ಕುರ್ಚಿ ಎಳೆದುಕೊಂಡಳು.

ರಕ್ಷಿತ ಗಲ್ಲಾಪೆಟ್ಟಿಗೆಗೆ ಬೀಗ ಹಾಕಿ ಹೊರಬಂದ. ಕುರ್ಚಿಯ ಬೆನ್ನು ಹಿಡಿದು ನಿಲ್ಲಿಸಿದ.

"ಇಲ್ಲಿ ಕುಳಿತುಕೊಳ್ಳಬೇಡ. ಒಳಗೆ ಬಾ, ಅಮ್ಮನ ಹತ್ತಿರ."

"ಯಾಕ?"

"ಜಗಳ ಮನೆಯವರ ಹತ್ತಿರ ಆಡುವುದು, ಗಿರಾಕಿಗಳ ಹತ್ತಿರ ಅಲ್ಲ."

"ನಾ... ಗಿರಾಕಿ ಅಲ್ಲೇನ್ರಿ?"

"ಅಲ್ಲ," ಎಂದ ಅವನು, ಇನ್ನೂ ಸಿಟ್ಟಿನಲ್ಲೇ.